ಅರುಣಾರ ಕಥೆಯಲ್ಲಿ ‘ನಾನು’ ಯಾರು?

ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ನರ್ಸ್ ಆದ ಅರುಣಾ ಶಾನಭಾಗ, 1973ರ ಹಲ್ಲೆಯ ನಂತರ 2015ರಲ್ಲಿ ತೀರಿಕೊಳ್ಳುವವರೆಗೂ ಹಾಸಿಗೆ ಹಿಡಿದಿದ್ದರು. ಪಿಂಕಿ ವಿರಾನಿ 1998ರಲ್ಲಿ ಅವರ ಕಥೆಯನ್ನು ಪುಸ್ತಕವಾಗಿಸಿದರು. ಮುಂದೆ ನಿರೂಪಕಿಯೇ ಅರ್ಜಿದಾರೆಯಾಗಿ ಅವರಿಗೆ ದಯಾಮರಣ ಕೋರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅರುಣಾರ ಆಪ್ತರೆಂದು ಒಪ್ಪಿದ್ದು ಲೇಖಕಿಯನ್ನಲ್ಲ, ಆರೈಕೆ ಮಾಡುತ್ತಿದ್ದ ಕೆಇಎಂ ಆಸ್ಪತ್ರೆಯ ಸಿಬ್ಬಂದಿಯನ್ನು.

ಲೇಖಕಿಯ ಕರುಣೆಯೂ ದಾದಿಯರ ಮಮತೆಯೂ ನಿಜ. ಆದರೆ ಎರಡರಲ್ಲೂ ಅರುಣಾ ‘ಅವಳು’, ಎಲ್ಲಿಯೂ ‘ನಾನು’ ಅಲ್ಲ.

ನಾಗಮಂಗಲದ ನಮ್ಮ ಮನೆಯಲ್ಲೂ ಹೀಗೇ ಆಯಿತು. ಡಾಕ್ಟರು ಕೈಚೆಲ್ಲಿದ ಮೇಲೆ ಅಜ್ಜಿಯನ್ನು ಕರೆತಂದೆವು. ಕೆ.ಆರ್. ಪೇಟೆಯ ಮಾವ, ಪಾಂಡವಪುರದ ಚಿಕ್ಕಮ್ಮ ಎಲ್ಲರೂ ತೀರ್ಮಾನ ಹೇಳಿದರು. ಅಜ್ಜಿಯನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಶ್ರೀರಂಗಪಟ್ಟಣದಲ್ಲಿ ಅಸ್ಥಿ ಬಿಟ್ಟು ಬಂದೆವು.

2018ರ ತೀರ್ಪು ಲಿವಿಂಗ್ ವಿಲ್‌ಗೆ ಮಾನ್ಯತೆ ಕೊಟ್ಟಿತು. 2023ರಲ್ಲಿ ವಿಧಾನ ಸರಳವಾಯಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಜಾರಿಗೆ ಆದೇಶ ಹೊರಡಿಸಿತು. ಇದು ಸಾವಿನ ಚುಚ್ಚುಮದ್ದಲ್ಲ. ಗುಣವಾಗುವ ಆಸೆಯಿಲ್ಲದಾಗ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸುವುದು ಮಾತ್ರ. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಆ ಕಾಗದ ಮುಖ್ಯವೆನಿಸುವುದು ಅದು ಉತ್ತಮ ಪುರುಷದಲ್ಲಿರುವುದರಿಂದ. ಆದರೂ ಒಂದು ಅನುಮಾನ ಉಳಿಯುತ್ತದೆ: ಮಕ್ಕಳ ಸಾಲಕ್ಕೆ ಹೆದರಿ ಅಜ್ಜಿಯೊಬ್ಬಳು ಹೆಬ್ಬೆಟ್ಟು ಒತ್ತಿದರೆ, ಅಲ್ಲಿ ಮಾತಾಡುತ್ತಿರುವ ‘ನಾನು’ ಯಾರು?