ಬೋನಿಗಿಂತ ಮೊದಲು ಸೂರು ನೋಡಿ

ಅಟ್ಟದಲ್ಲಿ ಅಳಿಲು ಸೇರಿಕೊಂಡರೆ ನಮ್ಮ ಅಶೋಕಪುರಂನಲ್ಲಾಗಲಿ, ನಂಜನಗೂಡು, ತಿ. ನರಸೀಪುರದ ಕಡೆಯ ನೆಂಟರ ಹಳ್ಳಿಗಳಲ್ಲಾಗಲಿ ನಡೆಯುವುದು ಹೆಚ್ಚುಕಡಿಮೆ ಒಂದೇ ಕ್ರಮ. ಇಲಿ ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸಿ ತೊಲೆಯ ಪಕ್ಕ ಇಡುತ್ತಾರೆ. ಬಿದ್ದ ಅಳಿಲನ್ನು ಬೋನು ಸಮೇತ ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋಗಿ, ಹಳ್ಳಿಯಾದರೆ ಊರಾಚೆಯ ತೋಪಿನಲ್ಲಿ, ಇಲ್ಲಿಯಾದರೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಚಾಮುಂಡಿ ಬೆಟ್ಟದ ಪಾದದಲ್ಲೋ ಬಿಟ್ಟು ಬರುತ್ತಾರೆ. ಇಲಿಯಾದರೆ ಬೋನನ್ನು ಬಕೆಟ್ ನೀರಿಗೆ ಮುಳುಗಿಸುವ ಕೈ, ಅಳಿಲಾದರೆ ತಡೆಯುತ್ತದೆ. ಸೇತುವೆಗೆ ಮರಳು ಹೊತ್ತ ಅಳಿಲಿನ ಕಥೆ ಕೇಳಿ ಬೆಳೆದವರಿಗೂ, ಬುದ್ಧನ ಮೈತ್ರಿಯ ಮಾತು ಕೇಳಿ ಬೆಳೆದವರಿಗೂ ಆ ಪ್ರಾಣಿಯನ್ನು ಕೊಲ್ಲಲು ಮನಸ್ಸು ಬರುವುದಿಲ್ಲ. ಈ ಹಿಂಜರಿಕೆಯ ಬಗ್ಗೆ ನನಗೆ ಗೌರವವಿದೆ. ಆದರೆ ಅದರ ಹೆಸರಿನಲ್ಲಿ ನಡೆಯುವ ಈ ಬಿಟ್ಟು ಬರುವ ಪದ್ಧತಿಯನ್ನು ಮಾತ್ರ ನಾನು ಒಪ್ಪಲಾರೆ. ಅದು ಅಳಿಲಿಗೂ ಒಳ್ಳೆಯದಲ್ಲ, ಮನೆಗೂ ಅಲ್ಲ.

ನಮ್ಮ ಬೀದಿಯ ಹುಡುಗನೊಬ್ಬ ಹೀಗೇ ಒಂದು ಅಳಿಲು ಹಿಡಿದು, "ಅಕ್ಕಾ, ಕೆರೆ ಹತ್ರ ಬಿಟ್ಟು ಬಂದ್ಬಿಟ್ಟೆ, ಇನ್ನು ಕಾಟ ಇಲ್ಲ" ಎಂದು ಸಮಾಧಾನದಿಂದ ಹೇಳಿಹೋದ. ಮಾರನೆಯ ದಿನವೆಲ್ಲ ಅಟ್ಟದಿಂದ ಸಣ್ಣಗೆ ಚೀಂಗುಟ್ಟುವ ಸದ್ದು. ಆಮೇಲೆ ಸದ್ದು ನಿಂತಿತು, ವಾಸನೆ ಶುರುವಾಯಿತು. ಏಣಿ ಹಾಕಿ ನೋಡಿದರೆ ಗೋಡೆಯ ತಲೆಗೂ ಶೀಟಿಗೂ ನಡುವಿನ ಸಂದಿನಲ್ಲಿ ಗೂಡು: ತೆಂಗಿನ ನಾರು, ಹಳೆ ದಿಂಬಿನ ಹತ್ತಿ, ರವಿಕೆ ಬಟ್ಟೆಯ ಎಳೆಗಳು, ಯಾವುದೋ ಮಗುವಿನ ಜಡೆಯ ಕೆಂಪು ಟೇಪು. ಅದರೊಳಗೆ ಎರಡು ಮರಿ. ಕಣ್ಣು ಬಿಟ್ಟಿರಲಿಲ್ಲ, ಮೈಮೇಲೆ ಪಟ್ಟೆಯ ಗುರುತು ಆಗಷ್ಟೇ ಮೂಡಿತ್ತು. ಹುಡುಗ ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ. ತಪ್ಪಿರುವುದು ಪದ್ಧತಿಯಲ್ಲಿ.

ನಮ್ಮ ಮನೆಗಳಲ್ಲಿ ಕಾಣುವುದು ಮೂರು ಪಟ್ಟೆಯ ಅಳಿಲು. ನೂರು ಗ್ರಾಂ ಆಸುಪಾಸಿನ ಜೀವ. ಗರ್ಭ ಐದು ವಾರದಷ್ಟು, ಒಂದು ಸೂಲಿಗೆ ಸಾಮಾನ್ಯವಾಗಿ ಎರಡು ಮೂರು ಮರಿ, ಅವು ಹಾಲು ಬಿಡಲು ಹುಟ್ಟಿದ ಮೇಲೆ ಸುಮಾರು ಹತ್ತು ವಾರ. ಅಷ್ಟೂ ದಿನ ಮರಿಗಳಿಗೆ ತಾಯಿಯೇ ಗತಿ. ಮನೆಯ ಸೂರಿಗೆ ಅದು ಬರುವುದೇ ಬಹುಪಾಲು ಮರಿ ಹಾಕಲು. ಹಾಗಾಗಿ ಅಟ್ಟದಲ್ಲಿಟ್ಟ ಬೋನಿಗೆ ಬಿದ್ದದ್ದು ಬಾಣಂತಿ ಅಳಿಲಾಗಿರುವ ಸಂಭವ ಹೆಚ್ಚು. ಬೋನಿಟ್ಟವರು ಇದನ್ನು ಯೋಚಿಸುವುದೇ ಇಲ್ಲ.

ಬಿಟ್ಟು ಬಂದ ಅಳಿಲಿನ ಪಾಡೇನು? ಕೆರೆಯ ಏರಿಯಲ್ಲಿ ಮರಗಳಿವೆ, ಹಣ್ಣಿದೆ, ಸುಖವಾಗಿರುತ್ತದೆ ಎಂದು ನಾವೇ ಅಂದುಕೊಳ್ಳುತ್ತೇವೆ. ಆ ಮರಗಳಲ್ಲಿ ಆಗಲೇ ಬೇರೆ ಅಳಿಲುಗಳಿವೆ. ಹೊಸದಕ್ಕೆ ಪೊಟರೆ ಗೊತ್ತಿಲ್ಲ, ಹದ್ದು ಬಂದರೆ ಯಾವ ಕಡೆ ಓಡಬೇಕೆಂದು ಗೊತ್ತಿಲ್ಲ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಬಡಾವಣೆಗಳಿಂದ ಹಿಡಿದ 38 ಬೂದು ಅಳಿಲುಗಳಿಗೆ ರೇಡಿಯೋ ಪಟ್ಟಿ ಕಟ್ಟಿ ಕಾಡಿಗೆ ಬಿಟ್ಟು ನೋಡಿದ್ದರು. 88 ದಿನಗಳೊಳಗೆ ಅವುಗಳಲ್ಲಿ ಶೇಕಡಾ 97 ಸತ್ತಿದ್ದವು ಇಲ್ಲವೇ ಬಿಟ್ಟ ಜಾಗದಿಂದ ಕಾಣೆಯಾಗಿದ್ದವು. ಅದು ಬೇರೆ ಜಾತಿಯ, ದೊಡ್ಡ ಮೈಯ ಅಳಿಲು ನಿಜ. ಆದರೂ ಬಿಟ್ಟು ಬಂದದ್ದೆಲ್ಲ ಬದುಕಿತು ಎಂಬ ನಮ್ಮ ನಂಬಿಕೆಯನ್ನು ಅಲ್ಲಾಡಿಸಲು ಅಷ್ಟು ಸಾಕು.

ಅಶೋಕನ ಹೆಸರು ಹೊತ್ತ ಬಡಾವಣೆಯಲ್ಲಿ ಕೂತು ಇದನ್ನು ಬರೆಯುವಾಗ ಅವನ ಐದನೆಯ ಸ್ತಂಭ ಶಾಸನ ನೆನಪಾಗದೆ ಇರುವುದಿಲ್ಲ. ಪಟ್ಟಕ್ಕೆ ಬಂದು 26 ವರ್ಷವಾದ ಮೇಲೆ ಬರೆಸಿದ ಆ ಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಷ್ಟೇ ಇಲ್ಲ. ಗಬ್ಬದ, ಹಾಲೂಡಿಸುತ್ತಿರುವ ಮೇಕೆ, ಕುರಿ, ಹಂದಿಗಳನ್ನೂ ಆರು ತಿಂಗಳು ತುಂಬದ ಅವುಗಳ ಮರಿಗಳನ್ನೂ ಮುಟ್ಟಬಾರದೆಂಬ ಕಟ್ಟಳೆಯಿದೆ. ಯಾವ ಪ್ರಾಣಿ ಎನ್ನುವುದರ ಜೊತೆಗೆ ಅದು ಈಗ ಯಾವ ಸ್ಥಿತಿಯಲ್ಲಿದೆ ಎನ್ನುವುದನ್ನೂ ಆ ದೊರೆ ಕೇಳಿದ್ದ. ಕೊಬ್ಬರಿ ಸಿಕ್ಕಿಸುವ ಮುನ್ನ ನಾವೂ ಕೇಳಬೇಕಾದ ಪ್ರಶ್ನೆ ಅದೇ.

ಹಾಗೆಂದು ಅಳಿಲಿನ ಕಾಟವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಇಲಿಯಂತೆ ಅದರ ಬಾಚಿಹಲ್ಲೂ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಕಡಿಯದೆ ಅದಕ್ಕೆ ವಿಧಿಯಿಲ್ಲ. ಕರೆಂಟು ವೈರಿನ ಮೇಲ್ಪದರ ಕಡಿದರೆ ಶಾರ್ಟ್ ಆಗಿ ಬೆಂಕಿ ಹೊತ್ತಿಕೊಳ್ಳಬಹುದು. ಹುಲ್ಲು ತುಂಬಿದ ಕೊಟ್ಟಿಗೆಯ ಅಟ್ಟದಲ್ಲಿ ಇದು ನಿಜವಾದ ಅಪಾಯ. ನಮ್ಮ ಪಕ್ಕದ ಮಾನಂದವಾಡಿ ರಸ್ತೆಯಲ್ಲಿ 1912ರಿಂದ ನಡೆಯುತ್ತಿರುವ ರೇಷ್ಮೆ ನೇಯ್ಗೆ ಕಾರ್ಖಾನೆಯ ಸೀರೆ ಎಲ್ಲರಿಗೂ ಗೊತ್ತು. ಆದರೆ ರೇಷ್ಮೆ ಹುಳು ಸಾಕುವವರನ್ನು ಕೇಳಿ ನೋಡಿ: ಇರುವೆ, ಹಲ್ಲಿ, ಇಲಿಯ ಜೊತೆ ಅಳಿಲೂ ಅವರ ವೈರಿಗಳ ಪಟ್ಟಿಯಲ್ಲಿದೆ. ಹುಳುಮನೆಯ ಕಿಟಕಿಗೆ ತಂತಿಬಲೆ ಇಲ್ಲದಿದ್ದರೆ ತಟ್ಟೆಯಲ್ಲಿದ್ದ ಹುಳು ಮಾಯ. ಕೋಕೋ ಬೆಳೆಯುವ ತೋಟಗಳಲ್ಲೂ ಅಷ್ಟೇ. ಇಲಿ ಕಾಯಿಯ ತೊಟ್ಟಿನ ಹತ್ತಿರ ಕೊರೆದರೆ ಅಳಿಲು ನಡುಭಾಗಕ್ಕೇ ಬಾಯಿ ಹಾಕುತ್ತದೆ. ಅಲ್ಲಿ ಕೃಷಿ ತಜ್ಞರೇ ಕೊಬ್ಬರಿ ಕಟ್ಟಿದ ಬೋನನ್ನು ಶಿಫಾರಸು ಮಾಡುತ್ತಾರೆ, ಹಣ್ಣಾದ ಕಾಯಿಯನ್ನು ಕೂಡಲೇ ಕೊಯ್ಯಿರಿ ಎಂದೂ ಹೇಳುತ್ತಾರೆ. ತೋಟಕ್ಕೆ ಬಾಗಿಲಿಲ್ಲ, ಅಲ್ಲಿ ಬೋನಿನ ಲೆಕ್ಕ ಬೇರೆ. ಮನೆಗಾದರೆ ಗೋಡೆಯಿದೆ, ಮಾಡು ಇದೆ, ಮುಚ್ಚಬಹುದಾದ ಸಂದಿ ಇದೆ. ತೋಟದ ಉಪಾಯವನ್ನು ಹಾಗೇ ಅಟ್ಟಕ್ಕೆ ಹತ್ತಿಸುವುದು ಸರಿಯಲ್ಲ.

ಬೋನಿಗಿಂತ ಕೆಟ್ಟ ದಾರಿಗಳೂ ಚಾಲ್ತಿಯಲ್ಲಿವೆ. ಅಂಟಿನ ಹಾಳೆಯ ಬಗ್ಗೆ ಎರಡು ಮಾತಿಲ್ಲ. ಅದಕ್ಕೆ ಸಿಕ್ಕಿದ ಪ್ರಾಣಿ ಗಂಟೆಗಟ್ಟಲೆ ಒದ್ದಾಡಿ, ಚರ್ಮ ಕಿತ್ತುಕೊಂಡು ಸಾಯುತ್ತದೆ. ಅದನ್ನು ತಡೆಯಿರಿ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ರಾಜ್ಯಗಳಿಗೆ ಹೇಳಿದೆ; ಪ್ರಾಣಿಗಳಿಗೆ ವಿನಾಕಾರಣ ಹಿಂಸೆ ಕೊಡುವುದು 1960ರ ಕಾಯ್ದೆಯಡಿ ಅಪರಾಧವೂ ಹೌದು. ಇಲಿ ಪಾಷಾಣ ಇಟ್ಟರೆ ಬೆಕ್ಕು, ನಾಯಿ, ಕೋಳಿಗಳಿಗೂ ಕುತ್ತು, ಮನೆಯ ಮಕ್ಕಳಿಗೂ ಕುತ್ತು. ಮನುಷ್ಯರ ಕಿವಿಗೆ ಕೇಳದ ಸದ್ದು ಮಾಡಿ ಓಡಿಸುತ್ತೇವೆ ಎಂದು ಮಾರುವ ಪ್ಲಗ್ಗಿನ ಯಂತ್ರಗಳಿಗಂತೂ ದುಡ್ಡು ಸುರಿಯಬೇಡಿ. ಇಂಥ ಯಂತ್ರಗಳ ತಯಾರಕರು, ಮಾರಾಟಗಾರರು ಸೇರಿ 60ಕ್ಕೂ ಹೆಚ್ಚು ಮಂದಿಗೆ ಅಮೆರಿಕದ ವ್ಯಾಪಾರ ಆಯೋಗ 2001ರಲ್ಲೇ, ನಿಮ್ಮ ಮಾತಿಗೆ ವೈಜ್ಞಾನಿಕ ಆಧಾರ ಬೇಕು ಎಂದು ಎಚ್ಚರಿಕೆಯ ಪತ್ರ ಬರೆದಿತ್ತು. ಕಾನೂನೂ ಅಳಿಲನ್ನು ಇಲಿಯ ಸಾಲಿಗೆ ಸೇರಿಸಿರಲಿಲ್ಲ: 1972ರ ವನ್ಯಜೀವಿ ಕಾಯ್ದೆ ಪೀಡೆ ಎಂದು ಬೇರೆಯಾಗಿಟ್ಟ ಅನುಸೂಚಿಯಲ್ಲಿ ಕಾಗೆ, ಬಾವಲಿ, ಇಲಿ, ಹೆಗ್ಗಣ ಇದ್ದವು, ಅಳಿಲು ಇರಲಿಲ್ಲ. 2022ರ ತಿದ್ದುಪಡಿ ಆ ಅನುಸೂಚಿಯನ್ನೇ ತೆಗೆದುಹಾಕಿತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಪದ್ಧತಿ ನಮ್ಮಲ್ಲೇ ಇತ್ತು. ಅದಕ್ಕೆ ಅಳಿಲಿನ ಹೆಸರು ಇರಲಿಲ್ಲ ಅಷ್ಟೆ. ಮುಂಗಾರಿಗೆ ಮೊದಲು ಹೆಂಚು ಕೈಯಾಡಿಸುತ್ತಿದ್ದರಲ್ಲ, ಅದು. ನಾಡಹೆಂಚಿನ ಮನೆಯ ಮಾಡು ಹತ್ತಿ ಸಾಲುಸಾಲಾಗಿ ಹೆಂಚು ತೆಗೆದು, ಕಸ, ಎಲೆ, ಹಳೆ ಗೂಡು ಗುಡಿಸಿ, ಒಡೆದದ್ದನ್ನು ಬದಲಿಸಿ, ಗೆದ್ದಲು ಹಿಡಿದ ರೀಪು ಕಿತ್ತು ಹೊಸದು ಹೊಡೆದು, ಮತ್ತೆ ಒತ್ತೊತ್ತಾಗಿ ಜೋಡಿಸುತ್ತಿದ್ದರು. ವರ್ಷಕ್ಕೊಮ್ಮೆ ಮನೆಯ ಪ್ರತಿ ಸಂದಿಯನ್ನೂ ಒಬ್ಬ ಮನುಷ್ಯ ಕೈಯಾರೆ ಮುಟ್ಟಿ ನೋಡುತ್ತಿದ್ದ. ಮಂಗಳೂರು ಹೆಂಚು ಬಂದ ಮೇಲೆ ಆ ಕೆಲಸ ಕಡಿಮೆಯಾಯಿತು, ಶೀಟು ಬಂದ ಮೇಲೆ ನಿಂತೇಹೋಯಿತು. ಶೀಟಿನ ಮನೆಗಳಲ್ಲಿ ಅಲೆಯಲೆಯಾದ ಶೀಟು ಗೋಡೆಯ ಮೇಲೆ ಕೂತ ಕಡೆ ಪ್ರತಿ ಅಲೆಯ ಕೆಳಗೂ ಒಂದು ಕಮಾನಿನಂಥ ಸಂದಿ ಉಳಿಯುತ್ತದೆ. ಅಳಿಲಿಗೆ ಒಂದೂವರೆ ಇಂಚು ಸಿಕ್ಕರೆ ಸಾಕು. ಸಾಲಾಗಿ ಹತ್ತು ಹದಿನೈದು ಬಾಗಿಲು ತೆರೆದಿಟ್ಟು, ಒಂದು ಅಳಿಲನ್ನು ಕೆರೆಗೆ ಬಿಟ್ಟು ಬಂದರೆ ಇನ್ನೊಂದು ಬಾರದಿರುತ್ತದೆಯೇ?

ಆ ಹಳೆಯ ಪದ್ಧತಿಯಲ್ಲೂ ಕೊರತೆಯಿತ್ತು. ಬೇಸಿಗೆಯಲ್ಲಿ ಗೂಡಿನಲ್ಲಿ ಮರಿಗಳಿದ್ದರೆ ಅವೂ ಕಸದ ಜೊತೆ ಅಂಗಳಕ್ಕೆ ಬೀಳುತ್ತಿದ್ದವು. ಅದನ್ನು ಸರಿಪಡಿಸಲು ಬೇಕಾದದ್ದು ತಾಳ್ಮೆ ಮಾತ್ರ. ಅಳಿಲು ನಾರು, ಚಿಂದಿ ಕಚ್ಚಿಕೊಂಡು ಸೂರಿಗೆ ಓಡುವುದು ಕಂಡ ದಿನವೇ ತಡೆದರೆ ಕೆಲಸ ಸುಲಭ; ಆಗಿನ್ನೂ ಮರಿ ಹುಟ್ಟಿರುವುದಿಲ್ಲ. ಆ ದಿನ ದಾಟಿ, ಒಳಗೆ ಚೀಂಗುಟ್ಟುವುದು ಕೇಳಿಸಿದರೆ ಮೂರು ತಿಂಗಳ ಮಟ್ಟಿಗೆ ಬಿಟ್ಟುಬಿಡಿ, ವೈರುಗಳನ್ನು ಮಾತ್ರ ಪೈಪಿನೊಳಗೆ ಹಾಕಿಸಿ. ಓಡಾಟದ ಸದ್ದು ರಾತ್ರಿಯದಾದರೆ ಅದು ಬಹುಶಃ ಅಳಿಲಲ್ಲ, ಇಲಿ. ಅಳಿಲು ಹಗಲಿನ ಪ್ರಾಣಿ. ಮರಿಗಳು ಹೊರಬಿದ್ದು ಗೋಡೆಯ ಮೇಲೆ ಓಡಾಡತೊಡಗಿದ ಮೇಲೆ ಸಂದಿಗೆ ಹಳೆ ಪೇಪರಿನ ಉಂಡೆ ಸಡಿಲವಾಗಿ ತುರುಕಿ ನೋಡಿ. ಎರಡು ಮೂರು ದಿನ ಕದಲದೆ ಇದ್ದರೆ ಒಳಗೆ ಯಾರೂ ಇಲ್ಲ. ಆಗ ಅರ್ಧ ಇಂಚು ಕಣ್ಣಿನ ಗಟ್ಟಿ ತಂತಿಬಲೆ ಹೊಡೆದು ಸಿಮೆಂಟು ಮೆತ್ತಿಸಿ. ಬಟ್ಟೆ, ಥರ್ಮೋಕೋಲು ತುರುಕಬೇಡಿ, ಅವು ಅಳಿಲಿಗೆ ಗೂಡು ಕಟ್ಟುವ ಸಾಮಾನಾಗುತ್ತವೆ. ಮಾಡಿನ ಮೇಲೆ ಬಾಗಿದ ಸೀಬೆ, ನುಗ್ಗೆಯ ಕೊಂಬೆಗಳನ್ನು ಸವರಿಸಿ. ಅಕಸ್ಮಾತ್ ಗೂಡು ಕೆಡವಿ ಮರಿ ಕೆಳಗೆ ಬಿದ್ದರೆ ಬಟ್ಟೆ ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅದೇ ಜಾಗದ ಹತ್ತಿರ, ಬೆಕ್ಕಿಗೆ ಎಟುಕದಂತೆ ಇಡಿ. ತಾಯಿ ಬಂದು ಒಂದೊಂದನ್ನೇ ಬಾಯಲ್ಲಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ. ಅದಕ್ಕೆ ತಾಯಿ ಊರಲ್ಲೇ ಇರಬೇಕು, ಕುಕ್ಕರಹಳ್ಳಿಯಲ್ಲಲ್ಲ.

ಇಷ್ಟು ಸರಳವಾದದ್ದು ಏಕೆ ನಡೆಯುವುದಿಲ್ಲ ಎಂದರೆ, ನನಗೆ ಕಾಣುವ ಕಾರಣ ದಯೆಯ ಕೊರತೆಯಲ್ಲ, ಬಾಡಿಗೆ. ನಮ್ಮ ಬೀದಿಗಳಲ್ಲಿ ಬಾಡಿಗೆ ಮನೆಗಳೇ ಹೆಚ್ಚು. ಬೋನು ಬಾಡಿಗೆದಾರ ತನ್ನ ದುಡ್ಡಿನಲ್ಲಿ ತರುವ ವಸ್ತು. ಅದಕ್ಕೆ ಏಣಿ ಬೇಡ, ಗಾರೆಯವರು ಬೇಡ, ಯಾರ ಅಪ್ಪಣೆಯೂ ಬೇಡ. ಮಾಡು ಮಾತ್ರ ಮಾಲೀಕರದು. ನಾಲ್ಕು ಅಡಿ ತಂತಿಬಲೆ, ಅರ್ಧ ದಿನದ ಗಾರೆ ಕೆಲಸಕ್ಕೆ ಮಾಲೀಕರು ನಾಳೆ ನಾಡಿದ್ದು ಎನ್ನುತ್ತಾರೆ. ಬಾಡಿಗೆದಾರರು ಇನ್ನೊಬ್ಬರ ಗೋಡೆಗೆ ತಾವೇಕೆ ಖರ್ಚು ಮಾಡಲಿ ಎನ್ನುತ್ತಾರೆ. ಅಷ್ಟರಲ್ಲಿ ಅಟ್ಟದಲ್ಲಿ ಮತ್ತೊಂದು ಸೂಲು. ಸುಣ್ಣಬಣ್ಣ ಯಾರದು, ಮೋಟಾರು ರಿಪೇರಿ ಯಾರದು ಎಂದು ಕರಾರು ಪತ್ರದಲ್ಲಿ ಬರೆಯುತ್ತೇವೆ. ಸೂರಿನ ಸಂದಿ ಯಾರದು ಎಂಬುದನ್ನೂ ಅದೇ ಪತ್ರದಲ್ಲಿ ಒಂದು ಸಾಲು ಬರೆದುಕೊಂಡು, ಯುಗಾದಿ ಸುಣ್ಣ ಹೊಡೆಸುವಾಗಲೇ ಏಣಿ ಹತ್ತಿ ಅದನ್ನೂ ನೋಡಬೇಕು.