ಹಳೆಯ ಟರ್ನ್‌ಟೇಬಲ್‌ನ ಲೆಕ್ಕಪರಿಶೋಧನೆ

ನಮ್ಮ ಲೆಕ್ಕಶಾಸ್ತ್ರದಲ್ಲಿ ಸವಕಳಿ ಎಂಬುದೊಂದಿದೆ. ಯಂತ್ರ ಕೊಂಡ ವರ್ಷದಿಂದಲೇ ಪುಸ್ತಕದಲ್ಲಿ ಅದರ ಬೆಲೆ ಇಳಿಯಲು ಶುರುವಾಗುತ್ತದೆ. ಹತ್ತು ಹದಿನೈದು ವರ್ಷಕ್ಕೆ ಗುಜರಿ ಬೆಲೆಗೆ ಬಂದು ನಿಲ್ಲುತ್ತದೆ. ಈ ನಿಯಮಕ್ಕೆ ಸೊಪ್ಪು ಹಾಕದ ಯಂತ್ರವೊಂದನ್ನು ನಾನು ನೋಡಿದ್ದು ಅಮೆರಿಕಕ್ಕೆ ಬಂದ ಮೇಲೆ. 1979ರಲ್ಲಿ ಮಾರುಕಟ್ಟೆಗೆ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಎಂಬ ಟರ್ನ್‌ಟೇಬಲ್ ಇವತ್ತಿಗೂ ನೂರಾರು ಡಾಲರಿಗೆ ಕೈ ಬದಲಾಗುತ್ತದೆ. ಹೆಸರಿನ ಮುಂದೆ ‘ವಿಂಟೇಜ್’ ಎಂದು ಸೇರಿಸಿದರೆ ಅದರ ಮೇಲಿನ ಗೀರುಗಳಿಗೂ ಬೆಲೆ ಬರುತ್ತದೆ.

ನಾನಿರುವುದು ವಾಷಿಂಗ್ಟನ್ನಿನ ಪಕ್ಕದ ಉತ್ತರ ವರ್ಜೀನಿಯಾದಲ್ಲಿ. ನಲವತ್ತು ದಾಟಿದ ಇಲ್ಲಿಯ ಕನ್ನಡಿಗರ ಮನೆಗಳಲ್ಲಿ ಈಚೆಗೆ ಒಂದು ಪೆಟ್ಟಿಗೆ ಕಾಣಿಸತೊಡಗಿದೆ. ಧಾರವಾಡದ್ದೋ ಮೈಸೂರಿನದೋ ಮನೆ ಮಾರುವಾಗ, ಅಪ್ಪ ಕೂಡಿಟ್ಟ ರೆಕಾರ್ಡುಗಳನ್ನು ಎಸೆಯಲು ಮನಸ್ಸು ಬಾರದೆ, ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟು ತಂದದ್ದು. ‘ನಾಗರಹಾವು’, ‘ಎರಡು ಕನಸು’, ಕಾಳಿಂಗರಾಯರ ಭಾವಗೀತೆಗಳು, ಅದೃಷ್ಟವಿದ್ದರೆ ತಳದಲ್ಲಿ ಒಂದೆರಡು ಅರಗಿನ 78ರ ತಟ್ಟೆಗಳು. ಸಿನಿಮಾ ಹಾಡುಗಳು ಫೋನಿನಲ್ಲೇ ಸಿಗುತ್ತವೆ, ಅವುಗಳ ಚಿಂತೆಯಿಲ್ಲ. ನಾಟಕದ ಹಾಡು, ಹರಿಕಥೆ ಎಲ್ಲ ಸಿಗುವುದಿಲ್ಲ. ಅಂಥ ತಟ್ಟೆಯನ್ನು ಯಾರೂ ದಿನಾ ಕೇಳುವುದೂ ಇಲ್ಲ. ಒಮ್ಮೆ ಜೋಪಾನವಾಗಿ ನುಡಿಸಿ, ಕಂಪ್ಯೂಟರಿಗೆ ಇಳಿಸಿ, ಬಂಧುಗಳಿಗೆ ಕಳಿಸುತ್ತಾರೆ. ಆ ಒಂದು ಸಲ ಯಂತ್ರ ಯಾವ ವೇಗದಲ್ಲಿ ತಿರುಗಿತೋ ಅದೇ ಮುಂದಿನವರಿಗೆ ಆ ಗಾಯಕರ ಶ್ರುತಿಯಾಗಿಬಿಡುತ್ತದೆ. ಆದ್ದರಿಂದ ‘ಹಳೆಯದು ಕೊಳ್ಳಲೋ ಹೊಸದು ಕೊಳ್ಳಲೋ’ ಎಂಬ ಪ್ರಶ್ನೆಯನ್ನು ಬರೀ ಶೋಕಿಯವರ ಚರ್ಚೆಗೆ ಬಿಡುವಂತಿಲ್ಲ.

‘ಊರಿನ ಪ್ಲೇಯರನ್ನೇ ತಂದರಾಗದೇ?’ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. 230 ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಸರಿದೂಗಿಸಬಹುದು. ಆದರೆ ಭಾರತದ ವಿದ್ಯುತ್ತು 50 ಹರ್ಟ್ಸ್, ಇಲ್ಲಿಯದು 60. ಆ ಹಳೆಯ ಪ್ಲೇಯರುಗಳ ಎ.ಸಿ. ಮೋಟಾರಿನ ವೇಗ ಈ ಹರ್ಟ್ಸನ್ನೇ ನಂಬಿಕೊಂಡದ್ದು. 33⅓ ಸುತ್ತು ಇಲ್ಲಿ 40 ಆಗುತ್ತದೆ. ಶೇಕಡಾ 20 ಹೆಚ್ಚು ಎಂದರೆ, ಹಾರ್ಮೋನಿಯಂ ಭಾಷೆಯಲ್ಲಿ, ಬಿಳಿ ಒಂದರಲ್ಲಿ ಹಾಡಿದವರು ಕಪ್ಪು ಎರಡನ್ನೂ ತುಸು ದಾಟಿ ಕಿರುಚುತ್ತಾರೆ.

ಡೈರೆಕ್ಟ್ ಡ್ರೈವ್ ಯಂತ್ರಕ್ಕೆ ಈ ಕಾಟವಿಲ್ಲ. ಇದರಲ್ಲಿ ಬೆಲ್ಟೂ ಇಲ್ಲ, ರಬ್ಬರ್ ಗಾಲಿಯೂ ಇಲ್ಲ. ಮೋಟಾರಿನ ದಂಡವೇ ತಟ್ಟೆಯ ನಡುಗೂಟ. ಮೋಟಾರು ನಿಮಿಷಕ್ಕೆ ಮೂವತ್ತಮೂರೇ ಚಿಲ್ಲರೆ ಸುತ್ತು ಸುತ್ತುತ್ತದೆ. ಜಪಾನಿನ ಮತ್ಸುಷಿತಾ ಕಂಪನಿ ಎಸ್‌ಪಿ-10 ಮಾದರಿಯಿಂದ ಈ ದಾರಿ ತೆರೆಯಿತು. 1972ರಲ್ಲಿ ಮೊದಲ ಎಸ್‌ಎಲ್-1200 ಬಂತು. ಎಂಕೆ2ರಲ್ಲಿ ಕ್ವಾರ್ಟ್ಜ್ ಹರಳು ವೇಗದ ಕಾವಲಿಗೆ ನಿಂತಿತು. ಗೋಡೆಯ ಕರೆಂಟು ಎಷ್ಟು ಹರ್ಟ್ಸಾದರೂ ಹರಳಿಗೆ ಅದರ ಗೊಡವೆಯಿಲ್ಲ. 2010ರಲ್ಲಿ ತಯಾರಿಕೆ ನಿಂತು, 2016ರಲ್ಲಿ 4000 ಡಾಲರಿನ ಎಸ್‌ಎಲ್-1200ಜಿ ರೂಪದಲ್ಲಿ ಮತ್ತೆ ಹುಟ್ಟಿತು. ಮರುವರ್ಷ ಜಿಆರ್, 2019ರಲ್ಲಿ ಸುಮಾರು ಸಾವಿರ ಡಾಲರಿನ ಎಂಕೆ7.

ಹೊಸದರ ಪರವಾಗಿ ಕಂಪನಿ ಮುಂದಿಡುವ ದೊಡ್ಡ ಮಾತು ‘ಕೋರ್‌ಲೆಸ್ ಮೋಟಾರು’. ಕಬ್ಬಿಣದ ತಿರುಳಿಲ್ಲದ ಮೋಟಾರು ಹಲ್ಲು ಹಲ್ಲಾಗಿ ಜಗ್ಗದೆ ನುಣ್ಣಗೆ ತಿರುಗುತ್ತದೆ ಎಂಬ ವಾದ. ತತ್ತ್ವ ಸರಿ, ಹೊಸತನ ಅಷ್ಟೇನಿಲ್ಲ. ಸೋನಿಯಂಥವರು 1970ರ ದಶಕದಲ್ಲೇ ಅದನ್ನು ಮಾಡಿದ್ದರು. ಇನ್ನು ವೇಗದ ಏರಿಳಿತದ ಅಂಕಿ, ಇವರು ‘ವಾವ್ ಅಂಡ್ ಫ್ಲಟರ್’ ಎನ್ನುವುದು. ಎಂಕೆ2ರ ಕೈಪಿಡಿಯಲ್ಲಿ ಶೇಕಡಾ 0.025. 2017ರ ಜಿಆರ್‌ನ ಕೈಪಿಡಿಯಲ್ಲಿ? ಶೇಕಡಾ 0.025. ಮೂವತ್ತೆಂಟು ವರ್ಷದ ಅಂತರದ ಎರಡು ಬ್ಯಾಲೆನ್ಸ್ ಶೀಟಿನಲ್ಲಿ ಒಂದೇ ಲಾಭ ಕಂಡರೆ ಯಾವ ಆಡಿಟರಾದರೂ ಕನ್ನಡಕ ಸರಿಮಾಡಿಕೊಳ್ಳುತ್ತಾನೆ. ಹಳೆಯದರ ಅಭಿಮಾನಿಗಳು ಈ ಅಂಕಿಯನ್ನು ಬಾವುಟದಂತೆ ಹಾರಿಸುತ್ತಾರೆ.

ಇಬ್ಬರೂ ಮರೆಯುವುದು ರೆಕಾರ್ಡನ್ನು. ನಮ್ಮ ಪೆಟ್ಟಿಗೆಯ ತಟ್ಟೆಗಳಲ್ಲಿ ಎಷ್ಟೋ ತಟ್ಟೆಗಳ ತೂತು ನಟ್ಟನಡುವೆ ಇರುವುದಿಲ್ಲ. ಅರ್ಧ ಮಿಲಿಮೀಟರ್ ಸರಿದಿದೆ ಎನ್ನಿ. ನಡುವಿನಿಂದ 100 ಮಿಲಿಮೀಟರ್ ದೂರದ ಗೆರೆಯಲ್ಲಿ ವೇಗ ಪ್ರತಿ ಸುತ್ತಿಗೂ ಶೇಕಡಾ ಅರ್ಧ ಏರಿ ಶೇಕಡಾ ಅರ್ಧ ಇಳಿಯುತ್ತದೆ, ಅಂದರೆ ಯಂತ್ರದ ದೋಷಕ್ಕಿಂತ ಸುಮಾರು ಇಪ್ಪತ್ತು ಪಟ್ಟು. ಶಹನಾಯಿಯ ಎಳೆದ ಸ್ವರ ದೋಣಿಯಂತೆ ತೂಗುವುದು ಇದರಿಂದ. ಇಂಥ ತಟ್ಟೆ ಇಪ್ಪತ್ತೇ ಇರುವವರಿಗೆ ನಾನು ಎರಡು ಟೆಕ್ನಿಕ್ಸನ್ನೂ ಹೇಳುವುದಿಲ್ಲ. ಅದರ ಅರ್ಧ ಬೆಲೆಯೂ ಇಲ್ಲದ ಆಡಿಯೋ-ಟೆಕ್ನಿಕಾದ ಎಲ್‌ಪಿ120 ಸಾಕು. ಅದೂ ಡೈರೆಕ್ಟ್ ಡ್ರೈವೇ.

ಹಾಗಾದರೆ ಹಳೆಯದಕ್ಕೂ ಹೊಸದಕ್ಕೂ ನಿಜವಾದ ವ್ಯತ್ಯಾಸ ಎಲ್ಲಿ? ನನ್ನ ಪ್ರಕಾರ ನಾದದಲ್ಲಿ ಅಲ್ಲ, ರಿಪೇರಿಯಲ್ಲಿ. ಟರ್ನ್‌ಟೇಬಲನ್ನು ಪಾರ್ಸೆಲ್ಲಿನಲ್ಲಿ ತರಿಸುವುದು ಜೂಜು. ತಟ್ಟೆ ಕಳಚದೆ ಕಟ್ಟಿದರೆ ದಾರಿಯಲ್ಲೇ ತೋಳು ಮುರಿದಿರುತ್ತದೆ. ಹೀಗಾಗಿ ಕಾರಿನಲ್ಲಿ ಹೋಗಿ ನೋಡಿ ತರುವಷ್ಟು ದೂರವೇ ನಮ್ಮ ಮಾರುಕಟ್ಟೆ. ನಾನು ಮೊದಲು ಷಾರ್ಲಟ್‌ನಲ್ಲಿದ್ದವನಾದ್ದರಿಂದ ಐ-85 ಹೆದ್ದಾರಿ ಪರಿಚಿತ: ಕೆಳಗೆ ಗ್ರೀನ್‌ವಿಲ್ ದಾಟಿ ಅಟ್ಲಾಂಟಾ, ಮೇಲೆ ಡರ್ಹಮ್. ಈ ಹಾದಿಯಲ್ಲಿ ಒಂದು ವರ್ಷದಲ್ಲಿ ಏಳು ಹಳೆಯ ಯಂತ್ರ ನೋಡಿದೆ. ಅಟ್ಲಾಂಟಾದ್ದು ಕ್ಲಬ್ಬಿನಲ್ಲಿ ಡಿಜೆಗಳ ಕೈಯಲ್ಲಿ ದುಡಿದು ಬಂದದ್ದು. ಪಿಚ್ ಸರಿಹೊಂದಿಸುವ ಪಟ್ಟಿಗೆ ಸೊನ್ನೆಯ ಹತ್ತಿರ ಮಂಪರು. ಗ್ರೀನ್‌ವಿಲ್‌ನದು ಗ್ಯಾರೇಜಿನಲ್ಲಿ ಹತ್ತಾರು ಬೇಸಿಗೆ ಕಳೆದು, ಅಲ್ಲಿಯ ಸೆಕೆಗೆ ತೋಳಿನ ಬೇರಿಂಗ್ ಬಿಗಿದಿತ್ತು. ರಾಲಿಯ ಒಂದು ಡೆನನ್ ಮಾತ್ರ ಮದುಮಗನಂತೆ ನಿಂತಿತ್ತು. ಅದರ ಉಪಾಯ ಸೊಗಸು: ತಟ್ಟೆಯ ಒಳಅಂಚಿನಲ್ಲಿ ಟೇಪ್ ರೆಕಾರ್ಡರಿನಂತೆ ಆಯಸ್ಕಾಂತೀಯ ಗುರುತು ಹಾಕಿ, ಟೇಪ್ ಹೆಡ್ಡಿನಿಂದಲೇ ಓದಿ ವೇಗ ಕಾಯುತ್ತಾರೆ. ಆ ಲೇಪ ಕೆಟ್ಟರೆ ಯಾರು ಮಾಡಿಕೊಡುತ್ತಾರೆ ಎಂದು ಮಾರುವವರನ್ನು ಕೇಳಿದೆ. ಅವರು ನಕ್ಕರು. ನಾನು ಕಾಫಿ ಕುಡಿದು ಬಂದೆ.

‘ಆಗಿನದು ಗಟ್ಟಿ, ಈಗಿನದು ಪ್ಲಾಸ್ಟಿಕ್ಕು’ ಎನ್ನುವವರ ಜೊತೆ ನನಗೆ ಜಗಳವಿದೆ. ಅವರು ಎಣಿಸುವುದು ಉಳಿದವನ್ನು. ಕೆಟ್ಟು ತಿಪ್ಪೆಗೆ ಹೋದವು ಯಾರ ಲೆಕ್ಕದಲ್ಲೂ ಇಲ್ಲ. ಉಳಿದವುಗಳಲ್ಲೂ ಕೆಪಾಸಿಟರುಗಳು ಒಣಗುತ್ತವೆ. ಅವನ್ನು ಹೊಸದು ಹಾಕಬಹುದು, ಕೆಲವು ಡಾಲರಿನ ಕೆಲಸ. ಆದರೆ ಎಂಕೆ2ರ ಮೋಟಾರನ್ನು ಆಳುವ ಎಎನ್6675 ಎಂಬ ಚಿಪ್ಪು ಸತ್ತರೆ, ಎಂದೋ ತಯಾರಾಗಿ ಉಳಿದ ದಾಸ್ತಾನನ್ನು ಹುಡುಕಬೇಕು, ಇಲ್ಲವೇ ಇನ್ನೊಂದು ಸತ್ತ ಯಂತ್ರದಿಂದ ಕೀಳಬೇಕು. ಬೆಲ್ಟಿನ ಯಂತ್ರ ಹಳೆಯದಾದರೆ ಹೊಸ ಬೆಲ್ಟು ಸಿಗುತ್ತದೆ. ಡೈರೆಕ್ಟ್ ಡ್ರೈವಿನ ಜೀವ ಅದರ ಸರ್ಕ್ಯೂಟಿನಲ್ಲಿದೆ. ಆಡಿಟ್ ವರದಿಯಲ್ಲಿ ಇಂಥದ್ದನ್ನು ಸಂಭಾವ್ಯ ಹೊಣೆ ಎಂದು ಬರೆಯುತ್ತೇವೆ. ಮಾರುವವರು ಬೆಲೆಯಲ್ಲಿ ಅದನ್ನು ಕಳೆಯುವುದಿಲ್ಲ.

ಕ್ಯಾರಿಯಲ್ಲಿರುವ ನನ್ನ ಗೆಳೆಯ ಎಲೆಕ್ಟ್ರಾನಿಕ್ಸ್ ಇಂಜಿನಿಯರು. ಬೇಸ್‌ಮೆಂಟಿನಲ್ಲಿ ಬೆಸುಗೆ ಕಡ್ಡಿ ಸದಾ ಬಿಸಿ. ಅವನಿಗೆ ಹಳೆಯದೇ ಸರಿ ಎಂದೆ, ಕೊಂಡ, ಸುಖವಾಗಿದ್ದಾನೆ. ಬೆಸುಗೆ ಬಾರದ, ಬಂದರೂ ಮಾರ್ಚ್-ಏಪ್ರಿಲ್‌ನಲ್ಲಿ ತೆರಿಗೆ ಕಾಗದಗಳಲ್ಲಿ ಮುಳುಗಿರುವ ನನ್ನಂಥವನಿಗೆ ಅಲ್ಲ. ಪ್ರತಿ ನವೆಂಬರಿನಲ್ಲಿ ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿ ನಡೆಯುವ ಕ್ಯಾಪಿಟಲ್ ಆಡಿಯೋಫೆಸ್ಟ್‌ಗೆ ಹೋಗಿ ಕಾರಿನಷ್ಟು ಬೆಲೆಯ ಯಂತ್ರಗಳನ್ನೂ ಕೇಳಿ, ಕೊನೆಗೆ ಕಪ್ಪು ಬಣ್ಣದ ಎಂಕೆ7 ತಂದೆ. ಡಿಜೆಗಳಿಗೆಂದು ಮಾಡಿದ್ದು, ನಮ್ಮನೆಯಲ್ಲಿ ಪುರಂದರದಾಸರ ಪದ ತಿರುಗಿಸುತ್ತಿದೆ.

ತೂಕ ಅತ್ತ ವಾಲಿದ್ದು ಒಂದು ಸಣ್ಣ ಅನುಕೂಲದಿಂದ. ಎಂಕೆ2ರಲ್ಲಿ 33 ಮತ್ತು 45 ಮಾತ್ರ. ಎಂಕೆ7ರಲ್ಲಿ 78 ಕೂಡ ಇದೆ, ಜೊತೆಗೆ ವೇಗವನ್ನು ಶೇಕಡಾ 8, ಬೇಕಾದರೆ 16ರವರೆಗೆ ಏರಿಳಿಸುವ ಪಟ್ಟಿ. 78 ಎಂಬುದು ಬರೀ ಹೆಸರು. ವಿದ್ಯುತ್ ಯುಗದಲ್ಲೇ 50 ಹರ್ಟ್ಸಿನ ನಾಡುಗಳಲ್ಲಿ ಅದು 77.92, 60 ಹರ್ಟ್ಸಿನಲ್ಲಿ 78.26, ಅದಕ್ಕೂ ಹಿಂದಿನ ತಟ್ಟೆಗಳು ಇನ್ನೂ ಆಚೀಚೆ. ಮಲ್ಲಿಕಾರ್ಜುನ ಮನ್ಸೂರರೂ ಗಂಗೂಬಾಯಿ ಹಾನಗಲ್ಲರೂ 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ್ದು ಇಂಥ ತಟ್ಟೆಗಳಿಗೆ. ಗಂಗೂಬಾಯಿಯವರ ವಿಷಯದಲ್ಲಿ ಕಿವಿಯನ್ನು ನಂಬುವಂತೆಯೂ ಇಲ್ಲ. ನಾವೆಲ್ಲ ಬಲ್ಲ ಆ ಗಂಡುದನಿ ಗಂಟಲಿನ ತೊಂದರೆಯ ನಂತರದ್ದು. ಮೊದಲ ತಟ್ಟೆಗಳಲ್ಲಿ ಇರುವುದು ತೆಳ್ಳನೆಯ ಏರುದನಿ. ‘ಇದೇನು, ವೇಗ ಹೆಚ್ಚಾಯಿತು’ ಎಂದು ಯಾರಾದರೂ ಪಟ್ಟಿಯನ್ನು ಕೆಳಗೆಳೆದು ಅವರನ್ನು ಮುದುಕಿ ಮಾಡಿಯಾರು. ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಂಡು, ಜೊತೆವಾದ್ಯದ ಶ್ರುತಿ ಯಾವ ಮನೆಗೆ ಕೂರುತ್ತದೆ ನೋಡಿ, ಒಂದೊಂದು ಕೂದಲೆಳೆಯಷ್ಟೇ ಸರಿಸಬೇಕು. ಸರಿಸಿದ ಮೇಲೆ ಯಂತ್ರ ಅಲ್ಲೇ ನಿಲ್ಲಬೇಕು. ಸೂಜಿಯೂ ಬೇರೆ ಬೇಕು: ಎಲ್‌ಪಿಯ ಸೂಜಿ 78ರ ಅಗಲ ಗೆರೆಯ ತಳಕ್ಕಿಳಿದು ಬರೀ ಗರಗರ ಕೆರೆಯುತ್ತದೆ; ಅದಕ್ಕೆ 3 ಮಿಲ್ ದಪ್ಪದ ತುದಿ ಹಾಕಬೇಕು. ಯಂತ್ರದ ಬಿಲ್ಲಿನಲ್ಲಿ ಇದು ಸೇರಿರುವುದಿಲ್ಲ, ಮೊದಲೇ ಲೆಕ್ಕ ಹಿಡಿದಿಡಿ.