ಬಿಲ್ಲು ಬಿಸುಟ ದೇವಿ

ಹಳ್ಳಿಮೈಸೂರಿನ ನಮ್ಮ ಮನೆಯ ಅಟ್ಟದಲ್ಲಿ ಮುರಿದ ತೊಟ್ಟಿಲು, ಒಡೆದ ಕೊಳಗ, ಹಿತ್ತಾಳೆಯ ಪಂಪ್ ಸ್ಟೌವುಗಳ ಜೊತೆಗೆ ಒಂದು ಏರ್‌ಗನ್ನೂ ಇತ್ತು. ಎರಡನೇ ಮಹಾಯುದ್ಧಕ್ಕೆ ಮುಂಚೆ ಸಕಲೇಶಪುರದ ಕಡೆಯ ಕಾಫಿ ತೋಟಕ್ಕೆ ಬಂದದ್ದಂತೆ. ದೊರೆ ಊರು ಬಿಡುವಾಗ ಮಾವನವರು ಕೊಂಡರಂತೆ. ನನಗೆ ಗೊತ್ತಿದ್ದದ್ದು ರಾಮನಾಥಪುರದ ಷಷ್ಠಿ ಜಾತ್ರೆಯಲ್ಲಿ ಬಲೂನು ಹೊಡೆಸುವವನ ಏರ್‌ಗನ್ ಒಂದೇ. ಅದರ ನಳಿಗೆ ಸೊಟ್ಟಗಿದೆಯೆಂದು ಊರಿಗೆಲ್ಲ ಗೊತ್ತು. ಆದರೂ ಗುರಿ ತಪ್ಪಿದ ಗಂಡಸರು ಬಯ್ಯುವುದು ಪಕ್ಕದಲ್ಲಿ ನಿಂತ ಹೆಂಡತಿಯನ್ನು.

ಬಂದೂಕಿನ ವಿಮರ್ಶೆ ಹೆಂಗಸಿಗೇಕೆ ಎನ್ನಬೇಡಿ. ಸೀರೆಯ ಅಂಚು ಕೈಮಗ್ಗದ್ದೋ ಯಂತ್ರದ್ದೋ ಎಂದು ಹಿಂಬದಿ ತಿರುಗಿಸಿ ನೋಡುವವರು ನಾವು. ಆ ಕಣ್ಣೇ ಸಾಕು.

ದಸರಾ ರಜೆಯಲ್ಲಿ ಅದನ್ನು ಕೆಳಗಿಳಿಸಿ ಹಳೆಯ ಪಂಚೆಯಿಂದ ಒರೆಸಿದೆ. ಧೂಳು ಹೋದಂತೆ ಉಕ್ಕಿನ ಮೇಲೆ ಕಪ್ಪೂ ಅಲ್ಲದ ನೀಲಿಯೂ ಅಲ್ಲದ ಒಂದು ಬಣ್ಣ ಎದ್ದು ಬಂತು, ಮಳೆಗೆ ಮುಂಚಿನ ಆಕಾಶದ ಹಾಗೆ. ನಳಿಗೆ ಮೈಗೆ ಸೇರುವ ಕಡೆ ಸಂದೇ ಕಾಣದು; ಪೋಸ್ಟ್‌ಕಾರ್ಡಿನ ಅಂಚೂ ತೂರಲಿಲ್ಲ. ಹೂವಿಲ್ಲ, ಬಳ್ಳಿಯಿಲ್ಲ, ಇದ್ದದ್ದು ಒಂದು ಸಣ್ಣ ಮುದ್ರೆ ಮಾತ್ರ. ಹೆಣ್ಣೊಬ್ಬಳು ಕೈಯೆತ್ತಿ ಬಂದೂಕು ಹಿಡಿದಿದ್ದಾಳೆ. ಬಿಲ್ಲುಬಾಣ ಕಾಲಡಿ ಬಿದ್ದಿವೆ. ರೋಮನ್ನರ ಬೇಟೆಯ ದೇವತೆ ಡಯಾನಾ! ಜರ್ಮನಿಯ ರಾಸ್ಟಾಟ್‌ನಲ್ಲಿ 1890ರಲ್ಲಿ ಶುರುವಾದ ಕಾರ್ಖಾನೆಯ ಗುರುತು ಇದು.

ಕೆಲಸ ಮಾಡುವ ಬಗೆಯೂ ಸರಳ. ನಳಿಗೆಯನ್ನು ಬಗ್ಗಿಸಿದರೆ ಒಳಗಿನ ಸ್ಪ್ರಿಂಗು ಮುದುಡಿ ಕೊಂಡಿಗೆ ಸಿಕ್ಕುತ್ತದೆ. ಟ್ರಿಗರ್ ಎಳೆದರೆ ಪಿಸ್ಟನ್ನು ನುಗ್ಗಿ ಗಾಳಿಯನ್ನು ಒತ್ತುತ್ತದೆ, ಗಾಳಿ ಸೀಸದ ಗುಂಡನ್ನು ದೂಡುತ್ತದೆ. ಗುಂಡಿಗೆ ಡಮರುಗದಂಥ ನಡು, ಹಿಂದೆ ಟೊಳ್ಳು ಲಂಗ. ಆ ಲಂಗ ಗಾಳಿಗೆ ಅರಳಿ ನಳಿಗೆಗೆ ಬಿಗಿಯಾಗಿ ಕೂರುತ್ತದೆ. ಪಿಸ್ಟನ್ನಿನ ತುದಿಗೆ ಚರ್ಮದ ವಾಷರು, ನಮ್ಮ ಪಂಪ್ ಸ್ಟೌವಿನಲ್ಲಿದ್ದಂಥದೇ. ಒಣಗಿದರೆ ಗಾಳಿ ಸೋರುತ್ತದೆ. ಎಣ್ಣೆ ಕುಡಿಸಿದರೆ ಮತ್ತೆ ಉಬ್ಬುತ್ತದೆ. ದೋಷವಿಲ್ಲವೆಂದಲ್ಲ. ಮರದ ಹಿಡಿ ನನ್ನ ಭುಜಕ್ಕೆ ಉದ್ದ, ಟ್ರಿಗರ್ ಬಹಳ ಬಿಗಿ. ಅದನ್ನು ಮಾಡಿದವನ ಮನಸ್ಸಿನಲ್ಲಿದ್ದದ್ದು ಗಂಡಸು. ದೇವಿ ಮುದ್ರೆಗೆ ಮಾತ್ರ.

ಬೇಲೂರಿನ ಬೇಟೆಗಾರ್ತಿ ಮದನಿಕೆ ನೆನಪಾದಳು. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ವಿಗ್ರಹಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಈ ಬಂದೂಕಿಗೆ ಅರ ಹಿಡಿದು ಸಂದು ಕೂರಿಸಿದವನ ಹೆಸರಿಲ್ಲ, ಅವನ ಪರವಾಗಿ ಉಳಿದದ್ದು ಆ ಮುದ್ರೆಯೊಂದೇ. ಆ ಹೆಸರಿಗೂ ನೆಮ್ಮದಿಯಿರಲಿಲ್ಲ. ಜರ್ಮನಿ ಸೋತ ಮೇಲೆ ಕಾರ್ಖಾನೆಯ ಯಂತ್ರಗಳೂ ‘ಡಯಾನಾ’ ಎಂಬ ಹೆಸರೂ ಸ್ಕಾಟ್ಲೆಂಡಿನ ಮಿಲ್‌ಬ್ರೋ ಕಂಪನಿಯ ಪಾಲಾದವು. ರಾಸ್ಟಾಟ್‌ನವರು ಮತ್ತೆ ಕೆಲಸ ಹೂಡಿದಾಗ ಬ್ರಿಟನ್ನಿನಲ್ಲಿ ತಮ್ಮ ಹೆಸರನ್ನೇ ಬಳಸುವಂತಿರಲಿಲ್ಲ. ಅಲ್ಲಿ ‘ಒರಿಜಿನಲ್’ ಎಂದು ಮುದ್ರೆ ಒತ್ತಿ ಮಾರಿದರು. ಹೆಸರು ಮರಳಿ ಬಂದದ್ದು 1980ರ ದಶಕದಲ್ಲಿ. ಮದುವೆಯ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿಕೊಂಡು, ತವರಿನಲ್ಲಿ ಮಾತ್ರ ಹಳೆಯ ಹೆಸರಿಗೆ ಓಗೊಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಮೈದುನನಿಗೆ ಇದೆಲ್ಲ ಬೇಕಿರಲಿಲ್ಲ. “ಅತ್ತಿಗೆ, ಪಾಲಿಶ್ ಮಾಡಿಸ್ಕೊಂಡು ಬರ್ತೀನಿ, ಹೊಸದರ ಹಾಗೆ ಕಾಣುತ್ತೆ,” ಎಂದ.

“ಹೊಸದರ ಹಾಗೆ ಯಾಕಪ್ಪ ಕಾಣ್ಬೇಕು? ವಾಷರ್ ಒಂದು ಹಾಕ್ಸು ಸಾಕು.”

“ತುಕ್ಕು ಹಿಡಿದಿದೆಯಲ್ಲ!”

ತುಕ್ಕು ಹಿಡಿದದ್ದು ಎರಡೇ ಕಡೆ. ಹಿಡಿಯ ಮೇಲಿನ ಕಪ್ಪು ತುಕ್ಕಲ್ಲ, ಮಾವನವರ ಅಂಗೈ. ಸೀರೆಗೆ ಫಾಲ್ ಬದಲಾಯಿಸುವುದು ಬೇರೆ, ಜರಿ ಕಿತ್ತು ಹೊಸದು ಹೊಲಿಸುವುದು ಬೇರೆ. ವಾಷರು ಸವೆಯಲೆಂದೇ ಮಾಡಿದ ಭಾಗ, ಬದಲಾಯಿಸಿದರೆ ಬಂದೂಕಿಗೇನೂ ನಷ್ಟವಿಲ್ಲ. ಉಕ್ಕಿನ ಬಣ್ಣ, ಅಂಚಿನ ಚೂಪು, ಮುದ್ರೆ, ಇವು ಒಮ್ಮೆ ಹೋದರೆ ಹೋದವು.

ಹೇಳಿದ್ದು ತಡವಾಯಿತು. ನಾನು ಮಧ್ಯಾಹ್ನ ಮಲಗಿದ್ದಾಗ ಅವನು ಪೇಟೆಯ ಒಂದು ಅಂಗಡಿಗೆ ಕೊಟ್ಟು ಬಂದಿದ್ದ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಪಾಲಿಶ್ ಚಕ್ರ ಅರ್ಧ ಕೆಲಸ ಮುಗಿಸಿತ್ತು. ನಳಿಗೆ ಸ್ಟೀಲಿನ ಲೋಟದಂತೆ ಬೆಳ್ಳಗೆ ಹೊಳೆಯುತ್ತಿತ್ತು. ದೇವಿಯ ಎತ್ತಿದ ಕೈ, ಕೈಯ ಬಂದೂಕು ಉಳಿದಿದ್ದವು. ಕಾಲಡಿಯ ಬಿಲ್ಲು ಅಳಿಸಿಹೋಗಿತ್ತು. ಹುಡುಗನನ್ನು ಬಯ್ಯಲು ಬಾಯಿ ಬರಲಿಲ್ಲ. ಅವನು ತನಗೆ ಗೊತ್ತಿದ್ದ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದ್ದ.

ಮನೆಗೆ ತಂದಾಗ ಅತ್ತೆ ಕೈಯಲ್ಲಿ ಹಿಡಿದು ನೋಡಿ, “ಇದರಿಂದ ಎಷ್ಟು ಬೆಳ್ಳಕ್ಕಿ ಸತ್ತವೋ,” ಎಂದರು. ನಾನು ಇಷ್ಟು ಹೊತ್ತು ಹೊಗಳಿದ ಕಸುಬಿಗೆ ಆ ಮುಖವೂ ಇದೆ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಮಾವನವರು ಅದನ್ನು ಅಟ್ಟಕ್ಕೆ ಹಾಕಿದರಂತೆ.

ಚಮ್ಮಾರರ ಹತ್ತಿರ ವಾಷರು ಕತ್ತರಿಸಿ ಕೊಂಡೆವು. ಹಿತ್ತಲಿನ ಮಣ್ಣಿನ ಗೋಡೆಗೆ ಖಾಲಿ ಡಬ್ಬ ಒರಗಿಸಿ ಮೊದಲ ಗುಂಡು ನಾನೇ ಹೊಡೆದೆ. ತಪ್ಪಿತು. ಮೈದುನ ನಗಲಿಲ್ಲ.